ಗುಲಾಬಿ ಟೀಶರ್ಟು ಮತ್ತು ದೊಡ್ಡಮ್ಮನ ಗಂಟು

ಮೊನ್ನೆ ಭಾನುವಾರ ಬಟ್ಟೆ ಬೀರು ಖಾಲಿ ಮಾಡುತ್ತಿದ್ದೆ. (ರೂಮು ಬದಲಾಯಿಸುವುದು ಬೆಂಗಳೂರಿನ ಬ್ರಹ್ಮಚಾರಿಗಳಿಗೆ ವರ್ಷಕ್ಕೊಂದು ಹಬ್ಬ ಇದ್ದ ಹಾಗೆ, ಬಿಡಿ.) ತಳದಿಂದ ಮೂರು ಗುಲಾಬಿ ಟೀಶರ್ಟು ಹೊರಬಂದವು. ಮೂರು ಅಕ್ಟೋಬರ್‌ಗಳ ಮೂರು ಟೀಶರ್ಟು. ಎದೆಯ ಮೇಲೆ ಕಂಪನಿಯ ಲೋಗೋ ದೊಡ್ಡದಾಗಿ, ಅದರ ಕೆಳಗೆ ರಿಬ್ಬನ್ನು ಚಿಕ್ಕದಾಗಿ.

ನಿಮ್ಮ ಆಫೀಸಿನಲ್ಲೂ ಇದು ನಡೆದೇ ಇರುತ್ತದೆ. ಅಕ್ಟೋಬರ್ ಬಂತೆಂದರೆ ಒಂದು ಶುಕ್ರವಾರ ಎಲ್ಲರೂ ಗುಲಾಬಿ ಹಾಕಿಕೊಂಡು ಬರಬೇಕು. ಕೆಫೆಟೇರಿಯಾದಲ್ಲಿ ಗುಲಾಬಿ ಕಪ್‌ಕೇಕು, ಲಿಫ್ಟಿನ ಪಕ್ಕ ಗುಲಾಬಿ ಬಲೂನಿನ ಕಮಾನು, ಅದರ ಕೆಳಗೆ ನಿಂತು ಟೀಮಿನ ಫೋಟೋ. ಸಂಜೆಗೆ ಎಚ್‌ಆರ್ ಕಡೆಯಿಂದ ಒಂದು ಮೇಲ್: ನಾವೆಲ್ಲ ಸೇರಿ ಸ್ತನ ಕ್ಯಾನ್ಸರ್ ಬಗ್ಗೆ ಜಾಗೃತಿ ಮೂಡಿಸಿದ್ದೇವೆ, ಧನ್ಯವಾದ. ನಾನೂ ಫೋಟೋದಲ್ಲಿದ್ದೇನೆ, ಎರಡನೇ ಸಾಲು, ಬಾಯ್ತುಂಬ ನಗು. ಸುಳ್ಳು ಯಾಕೆ ಹೇಳಲಿ, ಆ ದಿನ ನನಗೂ ಏನೋ ಒಳ್ಳೆಯದು ಮಾಡಿದ ಹಾಗೇ ಅನ್ನಿಸಿತ್ತು.

ಆ ಫೋಟೋ ತೆಗೆದದ್ದು 2023ರ ಅಕ್ಟೋಬರ್‌ನಲ್ಲಿ. ಅದಾಗಿ ಒಂದು ತಿಂಗಳೂ ಕಳೆದಿರಲಿಲ್ಲ, ದೀಪಾವಳಿಗೆ ಊರಿಗೆ ಹೋದಾಗ ದೊಡ್ಡಮ್ಮ ಅಮ್ಮನನ್ನು ಹಿತ್ತಲಿಗೆ ಕರೆದು, ಎಡಗಡೆ ಒಂದು ಗಂಟಿದೆ, ಯುಗಾದಿ ಹೊತ್ತಿಗೆ ಕಡಲೆಕಾಳಿನಷ್ಟಿತ್ತು, ಈಗ ದೊಡ್ಡದಾಗಿದೆ ಅಂದಳಂತೆ. ಯುಗಾದಿಯಿಂದ ದೀಪಾವಳಿಗೆ ಎಂಟು ತಿಂಗಳು. ನಮ್ಮೂರು ಹೊಸದುರ್ಗದ ಹತ್ತಿರ. ದೊಡ್ಡಮ್ಮನಿಗೆ ಆಗ ಐವತ್ತೆಂಟು.

ನನಗೆ ಸಿಟ್ಟು ಬಂದಿತ್ತು. ಬೆಂಗಳೂರಿನಲ್ಲಿ ಓದಿ, ಬಲೂನಿನ ಕೆಳಗೆ ಫೋಟೋ ತೆಗೆಸಿಕೊಂಡು ಬಂದವನಿಗೆ ಬರುವ ಸಿಟ್ಟು. ಯಾಕೆ ಮೊದಲೇ ಹೇಳಲಿಲ್ಲ, ಗಂಟು ಅಂದರೆ ಏನು ಅಂತ ಗೊತ್ತಿರಲಿಲ್ವಾ ಅಂತ ಕೇಳಿಬಿಟ್ಟೆ. ಅವಳು ಅಂದದ್ದು ಇಷ್ಟೇ: "ಗೊತ್ತಿತ್ತು ಕಣಪ್ಪ. ಗೊತ್ತಾಗಿ ಏನು ಮಾಡ್ಬೇಕಿತ್ತು?"

ಅದು ಮೊಂಡುತನದ ಮಾತಲ್ಲ, ನಿಜವಾದ ಪ್ರಶ್ನೆ ಅಂತ ಅರ್ಥವಾಗಲಿಕ್ಕೆ ನನಗೆ ಒಂದು ವರ್ಷ ಬೇಕಾಯಿತು. ಮೇ ತಿಂಗಳಲ್ಲಿ ಮಗಳ ಮದುವೆ ಇತ್ತು, ಈ ಸುದ್ದಿ ಹೊರಗೆ ಬಿದ್ದಿದ್ದರೆ ಆ ಮದುವೆ ನಿಲ್ಲುತ್ತಿತ್ತು. ಆಮೇಲೆ ಮಳೆ, ಬಿತ್ತನೆ. ಎರಡು ಹಸು, ಎರಡು ಹೊತ್ತು ಹಾಲು ಕರೆಯುವವಳು ಇವಳೊಬ್ಬಳೇ. ತಾಲ್ಲೂಕು ಕೇಂದ್ರಕ್ಕೆ ಹೋದರೆ ತೋರಿಸುವುದು ಯಾರಿಗೆ, ಗಂಡಸು ಡಾಕ್ಟರಿಗೆ ಬಟ್ಟೆ ಬಿಚ್ಚುವುದು ಹೇಗೆ? ಚಿತ್ರದುರ್ಗಕ್ಕೋ ದಾವಣಗೆರೆಗೋ ಹೋಗಿ ಅಂತ ಅವರು ಅಂದರೆ ಜೊತೆಗೆ ಯಾರು ಬರುತ್ತಾರೆ? ಇದರಲ್ಲಿ ಯಾವುದಕ್ಕೂ ಉತ್ತರ ಟೀಶರ್ಟಿನ ಮೇಲೆ ಬರೆದಿರಲಿಲ್ಲ.

ನಾವು ಸಾಫ್ಟ್‌ವೇರಿನವರಿಗೆ ಇದು ಬೇಗ ಅರ್ಥವಾಗಬೇಕಿತ್ತು. ಸರ್ವರ್ ಬಿದ್ದರೆ ಅಲರ್ಟ್ ಹೊಡೆಯುತ್ತದೆ. ಅಲರ್ಟ್ ಹೊಡೆದಾಗ ಎದ್ದು ಕೂರುವವನು ಒಬ್ಬ ಇರಬೇಕು, ಅವನಿಗೆ ಲಾಗಿನ್ ಇರಬೇಕು, ಏನು ಮಾಡಬೇಕು ಅಂತ ಬರೆದಿಟ್ಟ ಪುಟ ಇರಬೇಕು. ಇದ್ಯಾವುದೂ ಇಲ್ಲದೆ ಅಲರ್ಟಿನ ಸದ್ದು ಮಾತ್ರ ಜೋರು ಮಾಡುತ್ತಾ ಹೋದರೆ ಕೊನೆಗೆ ಜನ ಮ್ಯೂಟ್ ಮಾಡುತ್ತಾರೆ. ದೊಡ್ಡಮ್ಮ ಎಂಟು ತಿಂಗಳು ಮಾಡಿದ್ದು ಅದನ್ನೇ.

ಈ ರಿಬ್ಬನ್ ಎಲ್ಲಿಂದ ಬಂತು ಅಂತ ಹುಡುಕಿ ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಅದು ಮೊದಲು ಗುಲಾಬಿಯೇ ಅಲ್ಲ. 1990ರ ದಶಕದ ಶುರುವಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಷಾರ್ಲೆಟ್ ಹೇಲಿ ಅಂತ 68ರ ಒಬ್ಬ ಹೆಂಗಸು, ತನ್ನ ಅಜ್ಜಿ, ಅಕ್ಕ, ಮಗಳು ಮೂವರಿಗೂ ಸ್ತನ ಕ್ಯಾನ್ಸರ್ ಬಂದದ್ದನ್ನು ಕಂಡವಳು, ಊಟದ ಮೇಜಿನ ಮೇಲೆ ಕೂತು ಪೀಚ್ ಹಣ್ಣಿನ ಬಣ್ಣದ ರಿಬ್ಬನ್ ಕತ್ತರಿಸಿ ಕಾರ್ಡುಗಳಿಗೆ ಸಿಕ್ಕಿಸಿ ಹಂಚುತ್ತಿದ್ದಳು. ಕಾರ್ಡಿನಲ್ಲಿ ಇದ್ದದ್ದು "ಜಾಗೃತರಾಗಿ" ಅನ್ನುವ ಉಪದೇಶ ಅಲ್ಲ, ಲೆಕ್ಕ! ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವಾರ್ಷಿಕ ಬಜೆಟ್ 180 ಕೋಟಿ ಡಾಲರ್, ಅದರಲ್ಲಿ ರೋಗ ಬಾರದಂತೆ ತಡೆಯಲಿಕ್ಕೆ ಹೋಗುವುದು ಬರೀ ಶೇ. 5, ನಿಮ್ಮ ಜನಪ್ರತಿನಿಧಿಗಳನ್ನು ಎಬ್ಬಿಸಿ ಅಂತ. 1992ರಲ್ಲಿ 'ಸೆಲ್ಫ್' ಪತ್ರಿಕೆ ಮತ್ತು ಎಸ್ಟೀ ಲಾಡರ್ ಅನ್ನುವ ಸೌಂದರ್ಯವರ್ಧಕ ಕಂಪನಿಯವರು ಆ ರಿಬ್ಬನ್ ಕೇಳಿದರು. ನಿಮ್ಮದು ತುಂಬ ವ್ಯಾಪಾರಿ ಕೆಲಸ, ಕೊಡಲ್ಲ ಅಂದಳು ಹೇಲಿ. ವಕೀಲರು ಬಣ್ಣ ಬದಲಾಯಿಸಿ ಅಂತ ಸಲಹೆ ಕೊಟ್ಟರು. ಹಾಗೆ ಬಂದದ್ದು ಗುಲಾಬಿ. ಬಣ್ಣದ ಜೊತೆ ಆ ಲೆಕ್ಕವೂ ಹೋಯಿತು ನೋಡಿ. ಯಾರನ್ನೋ ಪ್ರಶ್ನೆ ಕೇಳುತ್ತಿದ್ದ ರಿಬ್ಬನ್ನು ಯಾರನ್ನೂ ಏನೂ ಕೇಳದ ರಿಬ್ಬನ್ ಆಯಿತು.

ಅಕ್ಟೋಬರ್ ತಿಂಗಳ ಆಚರಣೆ ಅದಕ್ಕೂ ಹಳೆಯದು, 1985ರದ್ದು. ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಜೊತೆ ಅದನ್ನು ಶುರು ಮಾಡಿದ್ದು ಐಸಿಐ ಕಂಪನಿಯ ಔಷಧ ವಿಭಾಗ, ಅಂದರೆ ಸ್ತನ ಕ್ಯಾನ್ಸರ್‌ಗೆ ಕೊಡುವ ಟಾಮಾಕ್ಸಿಫೆನ್ ಮಾತ್ರೆ ಮಾಡುತ್ತಿದ್ದವರು. ಕಂಪನಿ ಸೇರಿದೆ ಅಂದ ಮಾತ್ರಕ್ಕೆ ಮೋಸ ಅಂತ ನಾನು ಹೇಳುತ್ತಿಲ್ಲ. ಟಾಮಾಕ್ಸಿಫೆನ್ ಎಷ್ಟೋ ಹೆಂಗಸರನ್ನು ಉಳಿಸಿದೆ. ಆದರೆ ಆಮೇಲೆ ಬಂದದ್ದು ನೋಡಿದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. 2010ರಲ್ಲಿ ಕೆಎಫ್‌ಸಿಯವರು ಕರಿದ ಕೋಳಿಯನ್ನು ಗುಲಾಬಿ ಬಕೆಟ್ಟಿನಲ್ಲಿ ಹಾಕಿ, ಬಕೆಟ್ಟಿಗೆ 50 ಸೆಂಟ್ ಸೂಸನ್ ಕೋಮೆನ್ ಸಂಸ್ಥೆಗೆ ಕೊಟ್ಟರು. 2014ರಲ್ಲಿ ಬೇಕರ್ ಹ್ಯೂಸ್ ಅನ್ನುವ ಕಂಪನಿ ತೈಲಬಾವಿ ಕೊರೆಯುವ ಸಾವಿರ ಡ್ರಿಲ್ ಬಿಟ್‌ಗಳಿಗೆ ಗುಲಾಬಿ ಬಣ್ಣ ಬಳಿಯಿತು. ನೆಲದೊಳಗೆ ಸಾವಿರಾರು ಅಡಿ ಕೆಳಗೆ ಯಾರಿಗೆ ಜಾಗೃತಿ ಮೂಡಿತೋ, ಆ ಭೂತಾಯಿಗೇ ಗೊತ್ತು :)

ಇದೆಲ್ಲ ಅಮೆರಿಕದ ಕಥೆ ಅಂತ ತಳ್ಳಿಹಾಕುವ ಹಾಗಿಲ್ಲ. 2024ರ ಒಂದೇ ವರ್ಷದಲ್ಲಿ ನಮ್ಮ ದೇಶದಲ್ಲಿ ಎರಡು ನಡೆದವು.

ಫೆಬ್ರವರಿ 2, ಶುಕ್ರವಾರ. ದೊಡ್ಡಮ್ಮನ ಮೂರನೇ ಕೀಮೋ ದಿನ, ಹಾಗಾಗಿ ತಾರೀಖು ಮರೆತಿಲ್ಲ. ಆಸ್ಪತ್ರೆಯ ಹಾಲಿನಲ್ಲಿ ಟಿವಿ ಓಡುತ್ತಿತ್ತು. ಪೂನಂ ಪಾಂಡೆ ಗರ್ಭಕಂಠದ ಕ್ಯಾನ್ಸರ್‌ನಿಂದ ತೀರಿಕೊಂಡರು, ವಯಸ್ಸು 32 ಅಂತ ಸುದ್ದಿ. ನಮ್ಮ ಪಕ್ಕದ ಕುರ್ಚಿಯಲ್ಲಿದ್ದ ಹೆಂಗಸಿಗೂ ಅದೇ ಕಾಯಿಲೆ, ವಯಸ್ಸೂ ಹೆಚ್ಚುಕಮ್ಮಿ ಅಷ್ಟೇ. ಅಷ್ಟು ದುಡ್ಡಿರುವವರೇ ಉಳಿಯಲಿಲ್ಲವಲ್ಲ ಅಂದಳು. ಆಮೇಲೆ ಎದ್ದು ಟಿವಿ ಕಾಣದ ಕಡೆ ಹೋಗಿ ಕೂತಳು. ಮರುದಿನ ಗೊತ್ತಾಯಿತು, ಆಕೆ ಸತ್ತಿಲ್ಲ, ಅದು ಜಾಗೃತಿಗಾಗಿ ಮಾಡಿದ ಪ್ರಚಾರ ಅಂತ! ಅದನ್ನು ಮಾಡಿದ ಜಾಹೀರಾತು ಸಂಸ್ಥೆ ಕ್ಷಮೆ ಕೇಳಿತು, ಕೇಳುತ್ತಲೇ ಗೂಗಲ್‌ನಲ್ಲಿ ಗರ್ಭಕಂಠದ ಕ್ಯಾನ್ಸರ್ ಅನ್ನುವ ಪದವನ್ನು ಅತಿ ಹೆಚ್ಚು ಜನ ಹುಡುಕಿದರು ಅನ್ನುವುದನ್ನೂ ಹೇಳಿಕೊಂಡಿತು. ಹುಡುಕಿದವರಲ್ಲಿ ಎಷ್ಟು ಜನ ಪರೀಕ್ಷೆ ಮಾಡಿಸಿಕೊಂಡರು ಅನ್ನುವ ಸಂಖ್ಯೆ ಆ ಹೇಳಿಕೆಯಲ್ಲಿ ಇರಲಿಲ್ಲ. ಇರಲಿಕ್ಕೆ ಸಾಧ್ಯವೂ ಇಲ್ಲ, ಅದು ಅವರ ಮೆಟ್ರಿಕ್ಕೇ ಅಲ್ಲವಲ್ಲ. ಶನಿವಾರ ಆ ಹೆಂಗಸಿಗೆ ಯಾರಾದರೂ ಹೋಗಿ, ಅಮ್ಮಾ ಅದು ಸುಳ್ಳಂತೆ ಅಂತ ಹೇಳಿದರೋ ಇಲ್ಲವೋ ಅಂತ ನಾನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಎರಡನೆಯದು ಅಕ್ಟೋಬರ್‌ನಲ್ಲಿ, ದೆಹಲಿ ಮೆಟ್ರೋದಲ್ಲಿ. ಯುವರಾಜ್ ಸಿಂಗ್ ಅವರ ಪ್ರತಿಷ್ಠಾನದ ಜಾಹೀರಾತು, ತಿಂಗಳಿಗೊಮ್ಮೆ ನಿಮ್ಮ ಕಿತ್ತಳೆಗಳನ್ನು ಪರೀಕ್ಷಿಸಿಕೊಳ್ಳಿ ಅಂತ. ಜನ ಬೈದರು, ಮೆಟ್ರೋದವರು ತೆಗೆದರು. ಸ್ವತಃ ಕ್ಯಾನ್ಸರ್ ಗೆದ್ದು ಬಂದವರ ಪ್ರತಿಷ್ಠಾನ, ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ನಾಚಿಕೆ ಮುರಿಯಬೇಕು ಅಂತ ಹೊರಟವರೇ ಸ್ತನ ಅನ್ನುವ ಪದ ಹೇಳಲಿಕ್ಕೆ ನಾಚಿ ಹಣ್ಣಿನ ಅಂಗಡಿಗೆ ಹೋದರು, ಅಷ್ಟೇ ನನ್ನ ತಕರಾರು. ದೊಡ್ಡಮ್ಮನಿಗೆ ಆ ಚಿತ್ರ ತೋರಿಸಿದ್ದರೆ ಕೆ.ಜಿ. ಎಷ್ಟಂತೆ ಅಂತ ಕೇಳುತ್ತಿದ್ದಳು.

ಹಾಗಂತ ಜಾಗೃತಿಯೇ ಬೇಡವಾ? ಖಂಡಿತ ಬೇಕು. ನಮ್ಮೂರಿನಲ್ಲಿ ಇವತ್ತಿಗೂ ಅದಕ್ಕೆ ಹೆಸರಿಲ್ಲ, "ಆ ಕಾಯಿಲೆ" ಅಷ್ಟೇ. ಕೀಮೋ ಮುಗಿಸಿ ಊರಿಗೆ ಹೋದಾಗ ದೊಡ್ಡಮ್ಮನಿಗೆ ಒಂದು ಮನೆಯಲ್ಲಿ ಕಾಫಿಯನ್ನು ಪೇಪರ್ ಲೋಟದಲ್ಲಿ ಕೊಟ್ಟರು, ಉಳಿದವರಿಗೆಲ್ಲ ಸ್ಟೀಲ್ ಲೋಟ. ಆ ಮನೆಗೆ ಯಾವ ಗುಲಾಬಿ ಬಲೂನೂ ಹೋಗಿಲ್ಲ. ಆರೋಗ್ಯದ ರಾಷ್ಟ್ರೀಯ ಸಮೀಕ್ಷೆ (2019-21) ಪ್ರಕಾರ 30ರಿಂದ 49 ವರ್ಷದ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಕಂಠದ ಕ್ಯಾನ್ಸರ್ ಪರೀಕ್ಷೆ ಮಾಡಿಸಿಕೊಂಡವರು ಶೇ. 1.9, ಸ್ತನ ಪರೀಕ್ಷೆ ಮಾಡಿಸಿಕೊಂಡವರು ಶೇ. 0.9. ಅಂದರೆ ನೂರರಲ್ಲಿ ಒಬ್ಬಳೂ ಇಲ್ಲ. ಅಷ್ಟು ವರ್ಷಗಳ ರಿಬ್ಬನ್ ಆದ ಮೇಲೆ!

ಇನ್ನೊಂದು ಕಡೆ ನೋಡಿ. ನಮ್ಮ ಆಫೀಸಿನ ಕ್ಯಾಂಪಿನಲ್ಲಿ ಹೆಂಗಸರಿಗೆಲ್ಲ ಮ್ಯಾಮೋಗ್ರಾಂ ಡಿಸ್ಕೌಂಟ್ ಕೂಪನ್ ಹಂಚಿದರು. ನನ್ನ ಟೀಮಿನ ಹುಡುಗಿಗೆ 26. ಅಮೆರಿಕದ ತಜ್ಞರ ಸಮಿತಿಯೇ 2024ರಲ್ಲಿ ಹೇಳಿದ್ದು 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಅಂತ. ಚಿಕ್ಕ ವಯಸ್ಸಿನಲ್ಲಿ ಆ ಚಿತ್ರ ಸ್ಪಷ್ಟವಾಗಿ ಬರುವುದೂ ಕಷ್ಟ. ಕೂಪನ್ ಬೇಕಾದ ವಯಸ್ಸಿನವಳು ಹೊಸದುರ್ಗದ ಹತ್ತಿರ ಹಾಲು ಕರೆಯುತ್ತಿದ್ದಳು. ನನ್ನ ಕಂಪನಿಯ ಇನ್ಶೂರೆನ್ಸಿನಲ್ಲಿ ಅಪ್ಪ ಅಮ್ಮ ಬರುತ್ತಾರೆ, ನನ್ನನ್ನು ಅರ್ಧ ಸಾಕಿದ ದೊಡ್ಡಮ್ಮ ಬರುವುದಿಲ್ಲ.

ಹಾಗಾದರೆ ಏನು ಕೆಲಸ ಮಾಡುತ್ತದೆ? ಉತ್ತರ ನಮ್ಮ ದೇಶದಲ್ಲೇ ಇದೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಕೊಳೆಗೇರಿಗಳಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಸುಮಾರು ಒಂದೂವರೆ ಲಕ್ಷ ಹೆಂಗಸರು, 35ರಿಂದ 64 ವಯಸ್ಸಿನವರು. ಮೆಷೀನಿಲ್ಲ, ದೊಡ್ಡ ಡಾಕ್ಟರೂ ಇಲ್ಲ. ಹತ್ತನೇ ಕ್ಲಾಸು ಓದಿದ ಸ್ಥಳೀಯ ಹೆಂಗಸರಿಗೆ ಕೆಲವು ವಾರ ತರಬೇತಿ ಕೊಟ್ಟು, ಅವರ ಕೈಯಿಂದಲೇ ಎರಡು ವರ್ಷಕ್ಕೊಮ್ಮೆ ಅರ್ಧದಷ್ಟು ಜನರ ಸ್ತನ ಪರೀಕ್ಷೆ ಮಾಡಿಸಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಟ್ಟಾರೆ ಸಾವಿನಲ್ಲಿ ಕಂಡ ಶೇ. 15ರ ಇಳಿಕೆ ಅಂಕಿಅಂಶದ ಲೆಕ್ಕದಲ್ಲಿ ಗಟ್ಟಿ ಅಲ್ಲ, ನಿಜ. ಆದರೆ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹತ್ತಿರ ಹತ್ತಿರ ಶೇ. 30 ಕಡಿಮೆಯಾಗಿತ್ತು. ದೊಡ್ಡಮ್ಮನ ವಯಸ್ಸಿನವರಲ್ಲಿ! ಅದೇ ಪ್ರಯೋಗದಲ್ಲಿ ವಿನೆಗರ್ ಹಚ್ಚಿ ಗರ್ಭಕಂಠ ನೋಡುವ ಪರೀಕ್ಷೆಯೂ ಇತ್ತು. ಹೌದು, ಅಡುಗೆಮನೆಯ ವಿನೆಗರ್‌ನಲ್ಲಿರುವ ಅದೇ ಆಮ್ಲ. ಅದರಿಂದ ಗರ್ಭಕಂಠದ ಕ್ಯಾನ್ಸರ್ ಸಾವು ಶೇ. 31 ಇಳಿಯಿತು ಅಂತ 2013ರಲ್ಲಿ ಹೇಳಿದರು. ಈ ರೋಗದಿಂದ ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ಸುಮಾರು 80 ಸಾವಿರ ಹೆಂಗಸರು ಸತ್ತಿದ್ದಾರೆ ಅನ್ನುವುದು ಜಾಗತಿಕ ಅಂದಾಜು. ಮನೆ ಬಾಗಿಲಿಗೆ ಬಂದವಳು ನೆರೆಹೊರೆಯವಳೇ, ಪರೀಕ್ಷೆ ಮಾಡಿದವಳೂ ಹೆಂಗಸೇ, ಏನಾದರೂ ಕಂಡರೆ ಮುಂದೆ ಎಲ್ಲಿಗೆ ಕರೆದೊಯ್ಯಬೇಕು ಅಂತ ಗೊತ್ತಿತ್ತು. ಅದೂ ಜಾಗೃತಿಯೇ ಅಲ್ಲವಾ? ಆದರೆ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲಿಕ್ಕೆ ಆಗುವುದಿಲ್ಲ.

ಔಷಧಿಯದ್ದು ಇನ್ನೊಂದು ಕಥೆ. ದೊಡ್ಡಮ್ಮನ ಬಯಾಪ್ಸಿಯಲ್ಲಿ ಹರ್-2 ಪಾಸಿಟಿವ್ ಬಂತು. ಸ್ತನ ಕ್ಯಾನ್ಸರ್ ಬಂದ ಐವರಲ್ಲಿ ಒಬ್ಬರಿಗೆ ಹೀಗಿರುತ್ತದೆ. ಅಂಥವರಿಗೆ ಕೀಮೋ ಸಾಲದು, ಟ್ರಾಸ್ಟುಝುಮಾಬ್ ಅನ್ನುವ ಇಂಜೆಕ್ಷನ್ನು ಮೂರು ವಾರಕ್ಕೊಮ್ಮೆ ಒಂದು ವರ್ಷ ಬೇಕು. ಒಂದು ಕಾಲಕ್ಕೆ ಇದರ ಒಂದು ಸೀಸೆಗೇ ಲಕ್ಷ ರೂಪಾಯಿ ಮೀರಿತ್ತು. 2012ರಲ್ಲಿ ಕೆಲವು ಹೋರಾಟಗಾರರು, ರೋಗಿಗಳ ಕಡೆಯವರು ಸೇರಿ ಇದರ ಬೆಲೆ ಇಳಿಸಬೇಕು ಅಂತ ದೇಶದಲ್ಲಿ ಅಭಿಯಾನವನ್ನೇ ನಡೆಸಿದರು, ಸರ್ಕಾರಕ್ಕೆ ಬರೆದರು. 2013ರಲ್ಲಿ ರೋಷ್ ಕಂಪನಿ ಇಲ್ಲಿನ ಪೇಟೆಂಟ್ ಕೈಬಿಟ್ಟಿತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದೇ ಔಷಧಿಯ ತನ್ನ ಆವೃತ್ತಿಯನ್ನು 440 ಮಿ.ಗ್ರಾಂ.ಗೆ 57,500 ರೂಪಾಯಿಯಂತೆ ಮಾರುಕಟ್ಟೆಗೆ ಬಿಟ್ಟಿತು. ಆಮೇಲೆ ಬೇರೆ ಬೇರೆ ಭಾರತೀಯ ಕಂಪನಿಗಳೂ ಮಾಡಿದವು, ಬೆಲೆ ಇನ್ನೂ ಇಳಿಯಿತು. 2019ರಲ್ಲಿ ಸರ್ಕಾರ 42 ಕ್ಯಾನ್ಸರ್ ಔಷಧಿಗಳ ಮೇಲೆ ವ್ಯಾಪಾರಿಗಳ ಲಾಭಕ್ಕೆ ಶೇ. 30ರ ಮಿತಿ ಹಾಕಿತು. ಇದ್ಯಾವುದಕ್ಕೂ ಯಾರೂ ಕಪ್‌ಕೇಕ್ ಮಾಡಲಿಲ್ಲ. ಆದರೆ ದೊಡ್ಡಮ್ಮನ ರಕ್ತನಾಳದೊಳಗೆ ಹೋದದ್ದು ಇದೇ. ಷಾರ್ಲೆಟ್ ಹೇಲಿಯ ಕಾರ್ಡಿನ ನಿಜವಾದ ವಾರಸುದಾರರು ಆ ಅಭಿಯಾನದವರು ಅಂತ ನನಗನ್ನಿಸುತ್ತದೆ.

ಟೀಶರ್ಟಿನ ವಿಷಯಕ್ಕೆ ಬರುತ್ತೇನೆ. ಆಪರೇಷನ್ ಆದ ಮೇಲೆ ಊರಿಗೆ ಹೊರಟಾಗ, ಸಡಿಲವಾಗಿದೆ, ಹತ್ತಿಯದು, ಮನೆಯಲ್ಲಿ ಹಾಕಿಕೊಳ್ಳಲಿ ಅಂತ ಒಂದು ಗುಲಾಬಿ ಟೀಶರ್ಟನ್ನು ದೊಡ್ಡಮ್ಮನ ಚೀಲದಲ್ಲಿಟ್ಟೆ. ಅಮ್ಮ ತೆಗೆದು ವಾಪಸ್ ಕೊಟ್ಟಳು. ಕಂಕುಳಿನ ಗ್ರಂಥಿಗಳನ್ನೂ ತೆಗೆದಿರುವುದರಿಂದ ಕೈ ಮೇಲಕ್ಕೆ ಎತ್ತಲು ಆಗುವುದಿಲ್ಲ, ತಲೆಯ ಮೇಲಿಂದ ಹಾಕುವ ಬಟ್ಟೆ ಯಾವುದೂ ಆಗದು, ಮುಂದೆ ಗುಂಡಿ ಇರುವುದೇ ಬೇಕು ಅಂದಳು. ಸ್ತನ ಕ್ಯಾನ್ಸರ್ ರೋಗಿಗಳಿಗಾಗಿ ಅಂತ ಹೊಲಿಸಿದ ಟೀಶರ್ಟನ್ನು ಸ್ತನ ಕ್ಯಾನ್ಸರ್ ರೋಗಿ ಹಾಕಿಕೊಳ್ಳಲಿಕ್ಕೆ ಬರುವುದಿಲ್ಲ! ಹೊಸದುರ್ಗದ ಟೈಲರ್ ಒಬ್ಬ ನಾಲ್ಕು ಸಡಿಲ ರವಿಕೆ ಹೊಲಿದುಕೊಟ್ಟ. ವಿಷಯ ಕೇಳಿ ಮಜೂರಿ ತೆಗೆದುಕೊಳ್ಳಲಿಲ್ಲ.

ನಮಗೆ ಗೊತ್ತಿಲ್ಲದೆ ನಷ್ಟವಾದ ಸಂಗತಿಯೂ ಒಂದಿದೆ. ನಾನಿದ್ದದ್ದು ಮೂವರು ಹುಡುಗರ ರೂಮು, ಹಾಗಾಗಿ ದೊಡ್ಡಮ್ಮ, ದೊಡ್ಡಪ್ಪ ಪ್ರತಿ ಸಲ ಬಸ್ಸಿನಲ್ಲೇ ಬಂದು ಹೋಗುತ್ತಿದ್ದರು. ಐದು ಗಂಟೆ ಬಸ್ಸು, ಕೀಮೋ ಆದ ಮೈ, ದಾರಿಯಲ್ಲಿ ವಾಂತಿ. ನಾಲ್ಕು ತಿಂಗಳಾದ ಮೇಲೆ ಆಸ್ಪತ್ರೆಯ ಕ್ಯೂನಲ್ಲಿ ರಾಯಚೂರಿನ ಒಬ್ಬರು ಕೇಳಿದರು, ರೈಲಿಗೆ ಫಾರಂ ಮಾಡಿಸಿಲ್ಲೇನ್ರಿ ಅಂತ. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ. ಆಸ್ಪತ್ರೆಯಲ್ಲಿ ಫಾರಂಗೆ ಸಹಿ, ಸೀಲು ಹಾಕಿಸಿ ರೈಲ್ವೆ ಕೌಂಟರಿನಲ್ಲಿ ಕೊಟ್ಟರೆ ಆಯಿತು. ಇಂಜಿನಿಯರಿಂಗ್ ಓದಿದ ನನಗೂ ಗೊತ್ತಿರಲಿಲ್ಲ, ನಮ್ಮ ಆಫೀಸಿನ ಒಂದು ಪೋಸ್ಟರಿನಲ್ಲೂ ಇರಲಿಲ್ಲ.

ದಿನಾ ಕಂಪನಿ ಬಸ್ಸಿನಲ್ಲಿ ಕುಂದಲಹಳ್ಳಿ ಗೇಟ್ ಕಡೆ ಹೋಗುವಾಗ ಕರುಣಾಶ್ರಯ ಸಿಗುತ್ತದೆ. ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಅಲ್ಲಿ ಒಂದು ಪೈಸೆ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ, ನೋವಿಲ್ಲದೆ ಹೋಗಲಿ ಅಂತ. ಎರಡು ವರ್ಷ ಆ ಗೇಟಿನ ಮುಂದೆ ಟ್ರಾಫಿಕ್ಕಿನಲ್ಲಿ ನಿಂತು ಮೊಬೈಲ್ ನೋಡುತ್ತಿದ್ದವನು ನಾನು. ಗುಲಾಬಿ ಶುಕ್ರವಾರದಲ್ಲಿ ಗೆದ್ದವರ ಕಥೆ ಮಾತ್ರ ಹೇಳುತ್ತಾರೆ, ಗಮನಿಸಿದ್ದೀರಾ? ಯೋಧೆ, ಛಲ, ಹೋರಾಟ ಅಂತ. ಹಾಗಾದರೆ ಸತ್ತವರು ಸರಿಯಾಗಿ ಹೋರಾಡಲಿಲ್ಲ ಅಂತಲಾ?

ಈ ವರ್ಷದ ಮೇಲ್ ಹೋದ ವಾರ ಬಂತು, ಟೀಶರ್ಟ್ ಸೈಜ್ ತುಂಬಿ ಅಂತ. ನಾನು ಉತ್ತರ ಬರೆದೆ. ಟೀಶರ್ಟ್, ಬಲೂನು, ಕೇಕಿಗೆ ಒಟ್ಟು ಎಷ್ಟಾಗುತ್ತದೆ, ಆ ದುಡ್ಡನ್ನು ಯಾವುದಾದರೂ ಧರ್ಮಶಾಲೆಗೋ ಹಾಸ್ಪೈಸಿಗೋ ಕೊಡಬಹುದಾ, ನಮ್ಮಲ್ಲಿ ಪಾತ್ರೆ ತೊಳೆಯುವ, ನೆಲ ಒರೆಸುವ ಕಾಂಟ್ರಾಕ್ಟ್ ಹೆಂಗಸರಲ್ಲಿ ನಲವತ್ತು ದಾಟಿದವರಿಗೆ ಒಬ್ಬ ಲೇಡಿ ಡಾಕ್ಟರನ್ನು ಕರೆಸಿ ಪರೀಕ್ಷೆ ಮಾಡಿಸಿ, ಮುಂದೇನಾದರೂ ಬಂದರೆ ಒಬ್ಬರು ಜೊತೆಗೆ ಹೋಗುವ ವ್ಯವಸ್ಥೆ ಮಾಡಬಹುದಾ ಅಂತ. ಒಳ್ಳೆಯ ಸಲಹೆ, ಕಮಿಟಿಯ ಮುಂದೆ ಇಡುತ್ತೇವೆ, ಸದ್ಯಕ್ಕೆ ಸೈಜ್ ಕಳಿಸಿ ಅಂತ ಉತ್ತರ ಬಂದಿದೆ. ಇನ್ನೂ ಕಳಿಸಿಲ್ಲ.

ದೊಡ್ಡಮ್ಮನ ಮುಂದಿನ ಚೆಕಪ್ ದಸರಾ ಕಳೆದ ಮೇಲಿನ ಸೋಮವಾರ. ಹಸುಗಳನ್ನು ಎರಡು ದಿನ ಪಕ್ಕದ ಮನೆಯವರು ನೋಡಿಕೊಳ್ಳುತ್ತಾರಂತೆ, ಪೇಪರ್ ಲೋಟ ಕೊಟ್ಟಿದ್ದರಲ್ಲ, ಅವರೇ. ಹೊಸದುರ್ಗ ರೋಡಿನಿಂದ ರೈಲು, ಎರಡು ಟಿಕೆಟ್ ಆಗಿದೆ. ಒಂದಕ್ಕೆ ದುಡ್ಡಿಲ್ಲ, ಇನ್ನೊಂದಕ್ಕೆ ಕಾಲು ಭಾಗ.